ಮುಳ್ಳಜ್ಜಿಯ ಬೈಟು ಚಹಾ

ಒಂದು ಕಾಡಿನಲ್ಲಿ ಒಂದು ಚಹಾದಂಗಡಿ ಇತ್ತು. ನಗಬೇಡಿ, ನಿಜವಾಗಿಯೂ ಇತ್ತು. ಹೊಳೆಯ ದಂಡೆಯ ನೇರಳೆ ಮರದ ಬುಡದಲ್ಲಿ ಮೂರು ಕಲ್ಲಿನ ಒಲೆ, ಒಲೆಯ ಮೇಲೆ ಮಸಿ ಹಿಡಿದ ಪಾತ್ರೆ, ಪಕ್ಕದಲ್ಲಿ ಬಿದಿರಿನ ಲೋಟಗಳು. ಅಂಗಡಿ ಅಂದರೆ ಇಷ್ಟೇ. ಅದನ್ನು ನಡೆಸುತ್ತಿದ್ದವಳು ಒಬ್ಬ ವಯಸ್ಸಾದ ಮುಳ್ಳುಹಂದಿ. ಎಲ್ಲರೂ ಅವಳನ್ನು ಮುಳ್ಳಜ್ಜಿ ಎಂದು ಕರೆಯುತ್ತಿದ್ದರು.

ಗುಡ್ಡದ ಮೇಲೆ ಮನುಷ್ಯರು ಯಾವಾಗಲೋ ಬಿಟ್ಟುಹೋದ ಚಹಾ ತೋಟವೊಂದಿತ್ತು. ಎಲೆ ಅಲ್ಲಿಂದ ಬರುತ್ತಿತ್ತು. ಪಾತ್ರೆ ಸಿಕ್ಕಿದ್ದೂ ಅಲ್ಲೇ. ಶುಂಠಿಯನ್ನು ಕಾಡುಹಂದಿ ಅಗೆದು ಕೊಡುತ್ತಿತ್ತು. ಜೇನನ್ನು ಕರಡಿ ಜೋಗಣ್ಣ ತರುತ್ತಿದ್ದ. ಹೊಳೆಬದಿಯ ನಿಂಬೆ ವಾಸನೆಯ ಮಜ್ಜಿಗೆ ಹುಲ್ಲನ್ನು ಅಜ್ಜಿ ತಾನೇ ಕಿತ್ತು, ಗಂಟು ಹಾಕಿ, ಕುದಿಯುವ ನೀರಿಗೆ ಬಿಡುತ್ತಿದ್ದಳು. ಆ ಘಮ ಎದ್ದಿತೆಂದರೆ ಕಾಡಿಗೆ ಬೆಳಗಾಯಿತು ಎಂದೇ ಅರ್ಥ. ಕೋಳಿ ಕೂಗುವುದನ್ನು ಮರೆತರೂ ನಡೆಯುತ್ತಿತ್ತು.

ಕಾಡಿನ ಹಿರಿಯಳು ಒಬ್ಬ ಮುದಿ ಆನೆ. ಹೆಸರು ಸಣ್ಣವ್ವ. ಗಾತ್ರ ನೋಡಿ ಇಟ್ಟ ಹೆಸರಲ್ಲ ಬಿಡಿ. ಒಂದು ದಿನ ಅವಳು ಬಕೆಟ್ಟಿನಷ್ಟು ದೊಡ್ಡ ಬಿದಿರಿನ ಲೋಟ ಹಿಡಿದು ಕೇಳಿದಳು, "ಅಲ್ರೋ, ಈ ಬಿಸಿನೀರಲ್ಲಿ ಅಂಥಾದ್ದೇನಿದೆ? ದಿನಾ ಹೀಗೆ ಸಾಲುಗಟ್ಟಿ ಬರ್ತೀರಲ್ಲ?"

"ಚಳಿ ಬಿಡುತ್ತೆ ಸಣ್ಣವ್ವ," ಅಂದಿತು ಮುಸಿಯ ಕೋತಿ.

"ನನಗೆ ತಲೆನೋವು ಹೋಗುತ್ತೆ," ಅಂದಿತು ಮುದಿ ಕಡವೆ.

"ಸುದ್ದಿ ಬಾಯಿ ತುಂಬಾ ಇರುತ್ತೆ. ಟೀ ಇಲ್ದಿದ್ರೆ ಹೊರಗೆ ಬರೋದೇ ಇಲ್ಲ," ಅಂದಿತು ಗಿಳಿ.

ಮೂಲೆಯಲ್ಲಿ ಕೂತಿದ್ದ ಮೊಲ ಮೆಲ್ಲಗೆ, "ನನಗೇನೂ ಇಲ್ಲ. ಕೈ ಬೆಚ್ಚಗಾಗುತ್ತೆ, ಅಷ್ಟೇ," ಅಂದಿತು.

ಎಲ್ಲರೂ ನಕ್ಕರು. ಮುಳ್ಳಜ್ಜಿ ಮಾತ್ರ ನಗಲಿಲ್ಲ. ಎಲ್ಲರ ಉತ್ತರಕ್ಕಿಂತ ಮೊಲದ ಉತ್ತರವೇ ಸರಿ ಎಂದು ಅವಳಿಗೆ ಅನ್ನಿಸಿತು.

ಯಾಕೆಂದರೆ ಅಂಗಡಿ ಇಡುವ ಮೊದಲು ಅವಳ ಹತ್ತಿರ ಯಾರೂ ಬಂದು ಕೂರುತ್ತಿರಲಿಲ್ಲ. ಮೈತುಂಬ ಮುಳ್ಳಿರುವವಳ ಪಕ್ಕ ಯಾರು ಕೂತಾರು? ಎದುರು ಸಿಕ್ಕವರು "ಚೆನ್ನಾಗಿದೀಯಾ ಅಜ್ಜಿ?" ಎಂದು ದೂರದಿಂದಲೇ ಕೇಳಿ, ಉತ್ತರಕ್ಕೂ ಕಾಯದೆ ಹೋಗುತ್ತಿದ್ದರು. ಒಂದು ಚಳಿಗಾಲ ಅವಳು ತನಗೆಂದೇ ಒಲೆ ಹಚ್ಚಿ ಚಹಾ ಕಾಸಿಕೊಂಡಳು. ಘಮ ಹಿಡಿದು ಮೊಲ ಬಂತು. ಆಮೇಲೆ ಮುಸಿಯ ಬಂತು. ಲೋಟ ಈಸಿಕೊಳ್ಳಬೇಕಾದರೆ ಹತ್ತಿರ ಬರಲೇಬೇಕಲ್ಲ! ಅಂದಿನಿಂದ ಅಜ್ಜಿಯ ಮುಳ್ಳುಗಳು ನೆಟ್ಟಗೆ ನಿಂತದ್ದನ್ನು ಯಾರೂ ನೋಡಿರಲಿಲ್ಲ. ಬಾಚಿದ ಕೂದಲಿನ ಹಾಗೆ ಬೆನ್ನಿಗೆ ಅಂಟಿಕೊಂಡು ಮಲಗಿರುತ್ತಿದ್ದವು.

ಆ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಅದು ಶುರುವಾದದ್ದು ಹೀಗೆ. ಹೊಳೆಗಿಳಿಯುವ ದಾರಿಯ ವಿಷಯಕ್ಕೆ ಕರಡಿ ಜೋಗಣ್ಣನಿಗೂ ಕಾಡುಕೋಣ ಭೈರಣ್ಣನಿಗೂ ಹಾವು ಮುಂಗುಸಿ ಸಂಬಂಧ. ಒಂದು ದಿನ ಇಬ್ಬರೂ ಬುಸುಗುಡುತ್ತಾ ಒಟ್ಟಿಗೇ ಅಂಗಡಿಗೆ ಬಂದರು. ಪಾತ್ರೆಯಲ್ಲಿ ಉಳಿದದ್ದು ಒಂದೇ ಲೋಟ ಚಹಾ. ಅಜ್ಜಿ ಅದನ್ನು ಎರಡು ಲೋಟಕ್ಕೆ ಸಮನಾಗಿ ಬಗ್ಗಿಸಿ, "ಬೈಟು ಕುಡೀರಪ್ಪಾ," ಎಂದು ಮುಂದಿಟ್ಟಳು.

ಚಹಾ ಸುಡುತ್ತಿತ್ತು. ಊದದೆ ಕುಡಿಯುವಂತಿಲ್ಲ. ಊದುತ್ತಾ ಬೈಯಲು ಆಗುತ್ತದೆಯೇ? ಬಿಸಿ ಲೋಟ ಹಿಡಿದ ಕೈಯನ್ನು ಹೊಡೆಯಲು ಎತ್ತಲು ಆಗುತ್ತದೆಯೇ? ಇಬ್ಬರೂ ಎದುರುಬದುರು ಕೂತು ಫೂ ಫೂ ಎಂದು ಊದಿದರು. ಚಹಾ ಆರುವ ಹೊತ್ತಿಗೆ ಸಿಟ್ಟೂ ಆರಿತ್ತು. "ಬೆಳಿಗ್ಗೆ ನೀನು ಇಳಿ, ಸಂಜೆ ನಾನು ಇಳೀತೀನಿ," ಅಂದ ಭೈರಣ್ಣ. "ಅಷ್ಟಕ್ಕೆ ಇಷ್ಟು ದಿನ ಗುದ್ದಾಡಿದ್ವಾ?" ಅಂದ ಜೋಗಣ್ಣ. ಆವತ್ತಿನಿಂದ ಕಾಡಿನಲ್ಲಿ ಯಾರಿಗೆ ಯಾರ ಮೇಲೆ ಮುನಿಸಿದ್ದರೂ ಇಬ್ಬರೂ ನೇರಳೆ ಮರದಡಿಗೆ ಬಂದು, "ಅಜ್ಜೀ, ಒಂದು ಬೈಟು," ಅನ್ನುವುದು ರೂಢಿಯಾಯಿತು. ಜೋಗಣ್ಣ, ಭೈರಣ್ಣರಂತೂ ಜಗಳವಿಲ್ಲದಿದ್ದರೂ ದಿನಾ ಬೈಟೇ ಕುಡಿಯುತ್ತಿದ್ದರು.

ಇದರಿಂದ ಹೊಟ್ಟೆಗೆ ಹೊಡೆತ ಬಿದ್ದದ್ದು ಒಬ್ಬನಿಗೆ. ಅವನೇ ನರಿ ನಾಜೂಕಯ್ಯ. ಕಾಡಿನ ಜಗಳಗಳಿಗೆಲ್ಲ ಪಂಚಾಯ್ತಿ ಮಾಡುವುದು ಅವನ ಕಸುಬು. ಎರಡು ಬೆಕ್ಕು ಒಂದು ಮೀನಿಗೆ ಜಗಳವಾಡಿದರೆ ತಲೆ ಒಬ್ಬರಿಗೆ, ಬಾಲ ಒಬ್ಬರಿಗೆ, ನಡುವಿನದು ನ್ಯಾಯ ಹೇಳಿದವನಿಗೆ. ಹೀಗೆ ಕೂತಲ್ಲೇ ತಿಂದು ಅವನ ಹೊಟ್ಟೆ ಗುಂಡಗಾಗಿತ್ತು. ಬೈಟು ಬಂದ ಮೇಲೆ ಅವನ ಗುಹೆಯ ಕಡೆಗೆ ಒಂದು ನೊಣವೂ ಸುಳಿಯಲಿಲ್ಲ.

"ಈ ಮುದುಕಿ ಒಲೆ ಆರಿಸದೆ ನನ್ನ ಒಲೆ ಉರಿಯಲ್ಲ," ಎಂದುಕೊಂಡ ನಾಜೂಕಯ್ಯ.

ಒಂದು ಸಂಜೆ ಮುಳ್ಳಜ್ಜಿ ನೀರಿಗೆ ಹೋದ ಹೊತ್ತು ನೋಡಿ ಅವನು ಕರಡಿಯ ಕಿವಿ ಹತ್ತಿರ ಬಂದ. "ಜೋಗಣ್ಣ, ನನಗ್ಯಾಕೆ ಬೇಕಿತ್ತು? ಆದರೂ ನೋಡಿ ಸುಮ್ಮನಿರೋಕಾಗಲ್ಲ. ಜೇನು ತರೋನು ನೀನು. ಅಜ್ಜಿ ಕೋಣನ ಲೋಟಕ್ಕೇ ಎರಡು ಗುಟುಕು ಜಾಸ್ತಿ ಬಗ್ಗಿಸ್ತಾಳಲ್ಲ!"

ಅಲ್ಲಿಂದ ನೇರವಾಗಿ ಕೋಣನ ಬಳಿ ಹೋದ. "ಭೈರಣ್ಣ, ನೀನು ಸಾಧು ಪ್ರಾಣಿ. ಕರಡಿ ಲೋಟದ ತಳದಲ್ಲಿ ಜೇನು, ನಿನ್ನ ಲೋಟದಲ್ಲಿ ಬರೀ ಕಷಾಯ. ನಾನು ಹೇಳ್ದೆ ಅಂತ ಹೇಳ್ಬೇಡ."

ಮರುದಿನ ಬೆಳಿಗ್ಗೆ ಅಜ್ಜಿ ಎಂದಿನಂತೆ ಬೈಟು ಬಗ್ಗಿಸಿದಳು. ಜೋಗಣ್ಣ ತನ್ನ ಲೋಟ ನೋಡಲಿಲ್ಲ, ಭೈರಣ್ಣನ ಲೋಟ ನೋಡಿದ. ಭೈರಣ್ಣನೂ ಹಾಗೆಯೇ. ಪಕ್ಕದವನ ಲೋಟ ಯಾವಾಗಲೂ ತುಂಬಿದಂತೆ ಕಾಣುತ್ತದೆ, ಏನು ಮಾಡುವುದು! ಇಬ್ಬರೂ ಒಂದು ಗುಟುಕೂ ಕುಡಿಯದೆ ಲೋಟವನ್ನು ನೆಲಕ್ಕೆ ಕುಕ್ಕಿದರು.

"ಏನ್ ನೋಡ್ತಿದೀಯ?" ಅಂದ ಜೋಗಣ್ಣ.

"ನಿನ್ನ ದುರಾಸೆ ನೋಡ್ತಿದೀನಿ," ಅಂದ ಭೈರಣ್ಣ.

ಮತ್ತೆ ಕೇಳಬೇಕೇ? ಕೊಂಬು, ಉಗುರು ಎರಡೂ ಹೊರಬಂದವು. "ಬೇಡ್ರಪ್ಪಾ, ಬೇಡ," ಎಂದು ಅಜ್ಜಿ ಕೂಗಿದಳು. ಅವಳ ಮಾತು ಯಾರಿಗೂ ಕೇಳಿಸಲಿಲ್ಲ. ಕೋಣನ ಕಾಲು ತಗುಲಿ ಒಲೆಯ ಕಲ್ಲು ಉರುಳಿತು. ಪಾತ್ರೆ ಮಗುಚಿತು. ಒಂದು ಕೆಂಡ ಸಿಡಿದು ಮೊಲದ ಕಾಲಿಗೆ ಬಿತ್ತು. ಮೊಲ ಕಿರುಚಿದ್ದನ್ನು ಕೇಳಿ ಸಣ್ಣವ್ವ ಓಡಿ ಬಂದಳು.

ಎಲ್ಲರಿಗಿಂತ ಮೊದಲು ಬಾಯಿ ತೆರೆದವನು ನಾಜೂಕಯ್ಯ. "ಸಣ್ಣವ್ವ, ನಾನು ಆಗ್ಲೇ ಹೇಳೋಣ ಅಂತಿದ್ದೆ. ಕಾಡಲ್ಲಿ ಒಲೆ ಒಳ್ಳೇದಲ್ಲ. ಈ ಅಜ್ಜಿ ಒಬ್ಬರಿಗೆ ಹೆಚ್ಚು ಒಬ್ಬರಿಗೆ ಕಮ್ಮಿ ಬಗ್ಗಿಸಿದ್ದಕ್ಕೇ ಇಷ್ಟೆಲ್ಲಾ ಆಯ್ತು."

ಮೊಲದ ಸುಟ್ಟ ಕಾಲು ನೋಡಿ ಸಣ್ಣವ್ವನಿಗೆ ಸಂಕಟವಾಯಿತು. "ಒಲೆ ಆರಿಸು ಅಜ್ಜಿ," ಅಂದಳು.

ಮುಳ್ಳಜ್ಜಿ ಮಗುಚಿದ ಪಾತ್ರೆ ಎತ್ತಿಕೊಂಡಳು. ಹೊಳೆಯಿಂದ ನೀರು ತಂದು ತಾನೇ ಕೆಂಡದ ಮೇಲೆ ಸುರಿದಳು. ಚುಂಯ್ ಎಂದು ಹೊಗೆ ಎದ್ದಿತು. ಅದನ್ನು ನೋಡುತ್ತ ನೋಡುತ್ತ ಅವಳ ಬೆನ್ನಿನ ಮುಳ್ಳುಗಳು ಒಂದೊಂದಾಗಿ ಎದ್ದು ನಿಂತವು. ಹತ್ತಿರ ಇದ್ದವರು ಹಿಂದೆ ಸರಿದರು. ಹಾಗೆ ಸರಿದದ್ದರಿಂದ ಅವಳಿಗೆ ಬಹಳ ನೋವಾಯಿತು.

ಆಮೇಲಿನ ದಿನಗಳಲ್ಲಿ ಕಾಡಿಗೆ ಬೆಳಗಾಗುತ್ತಿತ್ತು, ಆದರೆ ಯಾರಿಗೂ ಬೆಳಗಾಯಿತು ಅನ್ನಿಸುತ್ತಿರಲಿಲ್ಲ. ಕಡವೆ ತಲೆ ಹಿಡಿದು ಕೂತಿತು. ಗಿಳಿಯ ಬಾಯಲ್ಲಿ ಸುದ್ದಿ ಬರುವ ಬದಲು ಬೈಗುಳ ಬಂತು. ಕಡ್ಡಿ ಗುಡ್ಡವಾಗುತ್ತಿತ್ತು. ಮುಸಿಯ ಹಣ್ಣು ಉದುರಿಸಿದರೂ ಜಗಳ, ಉದುರಿಸದಿದ್ದರೂ ಜಗಳ. ನಾಜೂಕಯ್ಯನ ಗುಹೆಯ ಮುಂದೆ ಮತ್ತೆ ಸಾಲು ಬೆಳೆಯಿತು. ಅವನು ನಡುವಿನ ತುಂಡು ತಿನ್ನುತ್ತಾ ದಿನದಿನಕ್ಕೆ ದುಂಡಗಾದ. ಮುಳ್ಳಜ್ಜಿ ಆರಿದ ಒಲೆಯ ಮುಂದೆ ಒಬ್ಬಳೇ ಕೂತು ಖಾಲಿ ಲೋಟಗಳನ್ನು ಒರೆಸಿ ಒರೆಸಿ ಇಡುತ್ತಿದ್ದಳು.

ಕಡೆಗೆ ಕೋಣ ಕರಡಿಗಳ ದಾರಿಯ ಜಗಳವೇ ಮತ್ತೆ ಹೊತ್ತಿಕೊಂಡಿತು. ಇಬ್ಬರ ಮೈಯಲ್ಲೂ ಗಾಯ. ಸಣ್ಣವ್ವ ಬೇಸತ್ತು ನೇರಳೆ ಮರದಡಿ ಎಲ್ಲರನ್ನೂ ಸೇರಿಸಿ, ನ್ಯಾಯ ಹೇಳಲು ನಾಜೂಕಯ್ಯನನ್ನು ಕರೆಸಿದಳು. ಅವನು ಗಂಟಲು ಸರಿಮಾಡಿಕೊಂಡು ಹೇಳಿದ, "ಹೊಳೆದಾರಿಯ ಎಡ ಕರಡಿಗೆ, ಬಲ ಕೋಣನಿಗೆ. ನಡುವೆ ಇರೋ ಈ ನೇರಳೆ ಮರದ ಜಾಗ ನ್ಯಾಯ ಹೇಳಿದ ನನಗೆ. ಅಜ್ಜಿ ಬೇರೆ ಕಡೆ ಹೋಗ್ಲಿ. ಹೇಗೂ ಒಲೆ ಇಲ್ಲವಲ್ಲ."

ಮುಳ್ಳಜ್ಜಿ ಮುಂದೆ ಬಂದಳು. "ಹೋಗ್ತೀನಿ ಸಣ್ಣವ್ವ. ಹೋಗೋ ಮುಂಚೆ ಒಂದೇ ಒಂದು ಸಲ ಒಲೆ ಹಚ್ತೀನಿ. ಈ ಇಬ್ಬರೂ ಆವತ್ತು ಬೈಟು ಕುಡೀದೆ ಕೆಳಗಿಟ್ರು. ಅದೊಂದು ನನ್ನ ಎದೇಲಿ ಮುಳ್ಳಿನ ಹಾಗೆ ಉಳ್ಕೊಂಡಿದೆ. ಕುಡಿದುಬಿಡ್ಲಿ."

"ಸಲ್ಲದು! ಬೆಂಕಿ ಅಂದ್ರೆ ಬೆಂಕಿನೇ!" ಎಂದು ನಾಜೂಕಯ್ಯ ಹಾರಾಡಿದ.

ಸಣ್ಣವ್ವನಿಗೂ ಚಹಾ ಇಲ್ಲದೆ ತಲೆ ಸಿಡಿಯುತ್ತಿತ್ತು. ಹಿರಿಯಳಾದವಳು ಅದನ್ನು ಹೇಳಿಕೊಳ್ಳುವುದು ಹೇಗೆ? ಮೊಲದ ಕಡೆ ತಿರುಗಿ, "ನೀನೇನಂತೀಯೋ? ಸುಟ್ಟಿದ್ದು ನಿನ್ನ ಕಾಲು," ಅಂದಳು.

"ಹಚ್ಚಲಿ ಸಣ್ಣವ್ವ. ನನ್ನ ಕೈ ತಣ್ಣಗಾಗಿ ಎಷ್ಟು ದಿನ ಆಯ್ತೋ," ಅಂದಿತು ಮೊಲ.

ಒಲೆ ಹೊತ್ತಿತು. ನೀರು ಕುದಿಯಿತು. ಎಲೆ, ಶುಂಠಿ, ಮಜ್ಜಿಗೆ ಹುಲ್ಲು, ಜೇನು ಬಿದ್ದವು. ಆಹಾ, ಆ ಘಮ ಮೇಲೇಳುತ್ತಿದ್ದಂತೆ ಇಡೀ ಕಾಡಿನ ಹುಬ್ಬಿನ ಗಂಟು ಸಡಿಲಿತು! ಅಜ್ಜಿ ಒಂದು ಲೋಟವನ್ನು ಎರಡಕ್ಕೆ ಬಗ್ಗಿಸಿ, "ಯಾರಿಗೆ ಯಾವುದು ಬೇಕೋ ನೀವೇ ತಗೊಳ್ಳಿ," ಅಂದಳು. ಇಬ್ಬರೂ ಮುಖ ಗಂಟಿಕ್ಕಿಕೊಂಡೇ ತೆಗೆದುಕೊಂಡರು. ಚಹಾ ಸುಡುತ್ತಿತ್ತು. ಫೂ ಎಂದು ಊದಿದ ಜೋಗಣ್ಣ. ಫೂ ಎಂದು ಊದಿದ ಭೈರಣ್ಣ. ಒಂದು ಗುಟುಕು ಇಳಿಯಿತು. ಇನ್ನೊಂದು ಇಳಿಯಿತು.

"ನನ್ನ ಲೋಟದಲ್ಲೂ ಜೇನಿದೆ," ಅಂದ ಭೈರಣ್ಣ ತನ್ನಷ್ಟಕ್ಕೆ ತಾನೇ.

"ಇರದೆ ಏನು? ಯಾವತ್ತೂ ಇತ್ತು," ಅಂದ ಜೋಗಣ್ಣ. "ಆದ್ರೆ ನಿನಗೆ ಎರಡು ಗುಟುಕು ಜಾಸ್ತಿ ಸಿಗ್ತಿತ್ತಂತಲ್ಲ?"

"ನನಗಾ? ಹಾಗಂತ ಯಾರಂದ್ರು?"

"ನಾಜೂಕಯ್ಯ. ನಿನಗೆ ಜೇನಿಲ್ಲ ಅಂತ ಯಾರಂದ್ರು?"

ಭೈರಣ್ಣ ಲೋಟ ಹಿಡಿದೇ ನಿಧಾನವಾಗಿ ತಿರುಗಿದ. "ಅವನೇ."

ನಾಜೂಕಯ್ಯ ಆಗಲೇ ಪೊದೆಯ ಕಡೆಗೆ ಹೆಜ್ಜೆ ಸರಿಸುತ್ತಿದ್ದ. ಸಣ್ಣವ್ವನ ಸೊಂಡಿಲು ಅವನ ಬಾಲ ಹಿಡಿದು ಎತ್ತಿತು. ಅವನು ತಲೆಕೆಳಗಾಗಿ ಜೋತಾಡುತ್ತಾ, "ತಮಾಷೆಗೆ ಅಂದಿದ್ದೆ ಸಣ್ಣವ್ವ," ಎಂದು ಹಲ್ಲುಗಿಂಜಿದ.

"ಮೊಲದ ಕಾಲು ಸುಟ್ಟಿದ್ದು ತಮಾಷೆಗಾ?" ಅಂದಳು ಸಣ್ಣವ್ವ. "ಇನ್ನು ನಿನ್ನ ಪಂಚಾಯ್ತಿ ಮುಗೀತು. ನಾಳೆಯಿಂದ ಈ ಅಂಗಡಿಗೆ ನೀರು ಹೊರೋನು ನೀನೇ. ನಿನ್ನ ಹೊಟ್ಟೆ ಕರಗೋವರೆಗೂ ಹೊರಬೇಕು." ಆಮೇಲೆ ಅಜ್ಜಿಯ ಕಡೆ ತಿರುಗಿ ತಲೆ ತಗ್ಗಿಸಿದಳು. "ನಾನೂ ಒಂದು ಗುಟುಕು ಕುಡಿದು ಯೋಚನೆ ಮಾಡಿ ತೀರ್ಪು ಹೇಳ್ಬೇಕಿತ್ತು ಅಜ್ಜಿ. ತಪ್ಪಾಯ್ತು. ಒಲೆ ಉರೀಲಿ."

ಮರುದಿನದಿಂದ ನಾಜೂಕಯ್ಯ ಏದುಸಿರು ಬಿಡುತ್ತಾ ಹೊಳೆಯಿಂದ ನೀರು ಹೊತ್ತ. ನೀರು ಹೊತ್ತು ದಣಿದವನಿಗೆ ಚಹಾ ಬೇಡವೇ? ಆದರೆ ಪೂರ್ತಿ ಲೋಟ ಕುಡಿಯಲು ಸಣ್ಣವ್ವನ ಅಪ್ಪಣೆ ಇರಲಿಲ್ಲ. ಅವನಿಗೆ ಬೈಟು ಮಾತ್ರ. ಬೈಟು ಕುಡಿಯಲು ಇನ್ನೊಬ್ಬರು ಬೇಕು. ಅವನು ಮುಸಿಯವನ್ನು ಕೇಳಿದ. ಮುಸಿಯ ಮರ ಹತ್ತಿತು. ಕಡವೆಯನ್ನು ಕೇಳಿದ. ಅದು ಬೆನ್ನು ತಿರುಗಿಸಿತು. ಗಿಳಿಯಂತೂ ಕೇಳುವ ಮೊದಲೇ ಹಾರಿಹೋಯಿತು. ಕಾಡನ್ನೆಲ್ಲ ಇಬ್ಭಾಗ ಮಾಡಿ ತಿಂದವನಿಗೆ ಅರ್ಧ ಲೋಟ ಹಂಚಿಕೊಳ್ಳಲು ಒಬ್ಬರೂ ಸಿಗಲಿಲ್ಲ. ಅವನು ಬಾಲ ಮುದುರಿಕೊಂಡು ದೂರದ ಕಲ್ಲಿನ ಮೇಲೆ ಕೂತ.

ಮುಳ್ಳಜ್ಜಿ ನೋಡಿದಳು. ಅವಳಿಗೆ ಅವನ ಮೇಲೆ ಸಿಟ್ಟಿತ್ತು, ಇಲ್ಲವೆನ್ನುವಂತಿಲ್ಲ. ಆದರೆ ಯಾರೂ ಹತ್ತಿರ ಬಾರದೆ ದೂರ ಕೂರುವುದು ಎಂಥದ್ದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಕಾಡಿನಲ್ಲಿ ಇರಲಿಲ್ಲ. ಅವಳು ಒಂದು ಲೋಟ ಚಹಾವನ್ನು ಎರಡಕ್ಕೆ ಬಗ್ಗಿಸಿದಳು.

"ಬಾರೋ ನಾಜೂಕಯ್ಯ, ನನ್ನ ಜೊತೆ ಕುಡಿ. ಮುಳ್ಳು ಚುಚ್ಚಲ್ಲ."

ಅವನು ಹೆದರುತ್ತಲೇ ಬಂದು ಪಕ್ಕದಲ್ಲಿ ಕೂತ. ಲೋಟ ಹಿಡಿದ. ಏನೋ ಹೇಳಲು ಬಾಯಿ ತೆರೆದ. ಚಹಾ ಸುಡುತ್ತಿತ್ತು. ಬಾಯಿ ಮುಚ್ಚಿ, ತುಟಿ ಮುಂದೆ ಮಾಡಿ, ಫೂ ಎಂದು ಊದಿದ.

ನೀತಿ: ಇಬ್ಬರ ನಡುವೆ ಚಾಡಿ ಹೇಳಿ ಬದುಕುವವನು ಕೊನೆಗೆ ಒಂಟಿಯಾಗುತ್ತಾನೆ. ಮನಸ್ಸು ಕೆಟ್ಟಾಗ ಮೂರನೆಯವನ ಮಾತು ಕೇಳುವ ಬದಲು ಎದುರುಬದುರು ಕೂತು ಒಂದು ಲೋಟ ಚಹಾ ಹಂಚಿಕೊಳ್ಳಿ.