ಹಿಮದೂರಿನ ವಿಮಾನ ಹತ್ತಿದ ಜವರ

ಕೇಳ್ರಪ್ಪ, ಚನ್ನಾಜಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬ ಮಗ, ಜವರ. ಮೀಸೆ ಬಂದಿತ್ತು, ಮೈ ಬಂದಿತ್ತು, ಬುದ್ಧಿ ಒಂದು ಬರಬೇಕಾಗಿತ್ತು. ಅವ್ವ ಹೇಳಿದ್ದನ್ನ ಒಂದಕ್ಷರ ತಪ್ಪದೆ ಮಾಡೋನು. ಅದೇ ಅವಳ ಕರ್ಮ! "ಯಾವ ಪಾಪಕ್ಕೆ ನಿನ್ನ ಹೆತ್ತೆನೋ" ಅಂತ ದಿನಕ್ಕೆ ನಾಕು ಸಲ ಹಣೆ ಚಚ್ಚಿಕೊಳ್ಳೋಳು.

ಮಗಳು ಜಯಶೀಲಳನ್ನ ಕೊಟ್ಟಿದ್ದು ಎಲ್ಲಿಗೆ ಅಂತೀರಿ? ಭೂಮಿಯ ನೆತ್ತಿ ಮೇಲಿರೋ ಊರಿಗೆ. ಎತ್ತ ನೋಡಿದ್ರೂ ಹಿಮ. ಅಳಿಯ ಅಲ್ಲಿ ಗಣಿ ಕೆಲಸದವರಿಗೆ ಅಡುಗೆ ಮಾಡ್ತಿದ್ದ. ಈಗ ಮಗಳಿಗೆ ಒಂಬತ್ತು ತಿಂಗಳು ತುಂಬಿತ್ತು. "ಅವ್ವ, ನೋವು ಬರೋ ಹೊತ್ಗೆ ನೀನು ಪಕ್ಕದಲ್ಲಿರಬೇಕು ಕಣವ್ವ" ಅಂತ ಫೋನಲ್ಲಿ ಅತ್ತಳು. ತಾಯಿ ಕರುಳು ತಡೆಯುತ್ತಾ? ಬಾಣಂತಿಗೆ ಅಂತ ಒಂದು ಡಬ್ಬ ಅಂಟಿನುಂಡೆ ಕಟ್ಟಿಕೊಂಡು ಹೊರಟಳು. ಜವರನ್ನ ಒಬ್ಬನೇ ಬಿಟ್ರೆ ಮನೆ ಉಳಿಯಲ್ಲ ಅಂತ ಅವನನ್ನೂ ಹೊರಡಿಸಿದಳು.

"ಅಲ್ಲಿ ಚಳಿ ಕಣ್ಲಾ. ಇರೋ ಬರೋ ಬಟ್ಟೆಯೆಲ್ಲ ಹಾಕ್ಕೊ!"

"ಹಂಗೇ ಮಾಡ್ತೀನಿ ಕಣವ್ವ."

ಹಾಕ್ಕೊಂಡ. ಆರು ಅಂಗಿ, ಮೂರು ಪ್ಯಾಂಟು, ಅಪ್ಪನ ಹಳೇ ಕೋಟು, ಮೇಲೊಂದು ಕಂಬಳಿ. ಅದೂ ಏಪ್ರಿಲ್ ಬಿಸಿಲಲ್ಲಿ! ಬೆಂಗಳೂರಿನ ವಿಮಾನ ನಿಲ್ದಾಣದ ತಪಾಸಣೆ ಬಾಗಿಲಲ್ಲಿ ಒಂದೊಂದೇ ಬಿಚ್ಚಿಸಿದರು. ಹಿಂದಿನ ಸಾಲಿನೋರೆಲ್ಲ ಕಿಸಕ್ಕನೆ ನಕ್ಕರು. ಚನ್ನಾಜಮ್ಮ ಸೆರಗಲ್ಲಿ ಮುಖ ಮುಚ್ಚಿಕೊಂಡಳು.

"ಥೂ, ನಿನ್ನ ಬುದ್ಧಿಗಿಷ್ಟು! ಯಂತ್ರದ ಮುಂದೆ ಹೋದಾಗ ಮೈಮೇಲಿರೋದನ್ನ ಬಿಚ್ಚಿಟ್ಟು ನಿಂತ್ಕೋಬೇಕು!"

"ಹಂಗೇ ಮಾಡ್ತೀನಿ ಕಣವ್ವ."

ಮೂರು ವಿಮಾನ ಬದಲಾಯಿಸಿ ಕೊನೇ ನಿಲ್ದಾಣಕ್ಕೆ ಬಂದರು. ನಿಲ್ದಾಣ ಅಂದ್ರೆ ಏನ್ ಮಹಾ? ಒಂದು ತಗಡಿನ ಕೋಣೆ. ಒಂದು ಒಲೆ, ಎರಡು ಬೆಂಚು, ಒಂದು ಕಕ್ಕಸು. ಹೋಟ್ಲಿಲ್ಲ, ಅಂಗಡಿಯಿಲ್ಲ. ಮಗಳ ಊರಿಗೆ ಎಂಟು ಸೀಟಿನ ವಿಮಾನ, ವಾರಕ್ಕೊಂದೇ ಸಲ, ಅದೂ ಮೋಡ ಸರಿದರೆ! ಕೌಂಟರಿನಲ್ಲಿದ್ದವಳು ಫ್ಲೋರಿನ್ ಬಾಯಿ, ಮಂಗಳೂರಿನವಳು, ಅಲ್ಲಿಯವನನ್ನ ಮದುವೆಯಾಗಿ ಅಲ್ಲೇ ನೆಲೆಸಿದ್ದಳು. ಅವಳ ಬಾಯಲ್ಲಿ ಕನ್ನಡ ಕೇಳಿ ಚನ್ನಾಜಮ್ಮನಿಗೆ ಹೋದ ಜೀವ ಬಂದಂತಾಯ್ತು.

"ಸಣ್ಣ ವಿಮಾನ ಅಲ್ವಾ ಅಮ್ಮ, ಜನರನ್ನೂ ತೂಗಬೇಕು. ನಿಮ್ಮ ಮಗ ಆ ಯಂತ್ರದ ಮೇಲೆ ನಿಲ್ಲಲಿ" ಅಂದಳು.

ಯಂತ್ರ! ಚನ್ನಾಜಮ್ಮ ತಿರುಗಿ ನೋಡೋ ಹೊತ್ತಿಗೆ ಜವರ ಪಟಾಪಟಿ ಚಡ್ಡಿಯಲ್ಲಿ ನಿಂತು ಅದರ ಲಾಡಿಗೂ ಕೈ ಹಾಕಿದ್ದ!

"ಅಯ್ಯೋ ಮಾರಾಯ, ಎಂತ ಮಾಡ್ತಿ! ಬಟ್ಟೆ ಸಮೇತ ತೂಗುದು!" ಅಂತ ಫ್ಲೋರಿನ್ ಬಾಯಿ ಕೂಗಿಕೊಂಡಳು.

ಬೆಂಚಿನ ಮೇಲಿದ್ದ ಹೆಂಗಸರು ಗೋಡೆ ಕಡೆ ತಿರುಗಿದರು. ಅಲ್ಲಿಯ ಮುದುಕರೊಬ್ಬರು ಎದ್ದು ಬಂದು ಜವರನಿಗೆ ತಮ್ಮ ಕಂಬಳಿ ಹೊದಿಸಿ, ಕುಡೀತಿದ್ದ ಬಿಸಿ ಟೀನೂ ಕೈಗಿಟ್ಟರು. ಚನ್ನಾಜಮ್ಮನಿಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು.

"ನೋಡ್ಲಾ ಆ ಯಜಮಾನರನ್ನ! ನಿನ್ನ ಮುಖ ನೋಡಿ ಕೈಲಿದ್ದದ್ದ ಕೊಟ್ರು. ನೀನೂ ಕಲಿ. ಯಾರಾದ್ರೂ ಆಸೆಯಿಂದ ನಿನ್ನ ಕಡೆ ನೋಡಿದ್ರೆ ಏನಾದ್ರೂ ಕೊಡು!"

"ಹಂಗೇ ಮಾಡ್ತೀನಿ ಕಣವ್ವ."

ಒಲೆಯ ಬಿಸಿಗೆ ಅವಳಿಗೊಂದು ಜೊಂಪು ಹತ್ತಿತು. ಕಣ್ಣು ಬಿಟ್ಟಾಗ ಜವರ ಬಾಗಿಲಲ್ಲಿ ನಿಂತಿದ್ದ. ಹೊರಗೆ ಹಿಮಗಾಡಿ ಎಳೆಯೋ ಏಳು ನಾಯಿ. ಕೈಯಲ್ಲಿ ಡಬ್ಬ. ಡಬ್ಬ ಖಾಲಿ!

"ಅಯ್ಯೋ! ಬಾಣಂತಿ ಉಂಡೆ ಕಣೋ!"

"ಅವು ನೋಡಿದ್ವು ಕಣವ್ವ. ಕೊಟ್ಟೆ. ಮತ್ತೂ ನೋಡಿದ್ವು. ಮತ್ತೂ ಕೊಟ್ಟೆ."

ಕೋಣೆಗೆ ಕೋಣೆಯೇ ಹೊಟ್ಟೆ ಹಿಡ್ಕೊಂಡು ನಕ್ಕಿತು. ಚನ್ನಾಜಮ್ಮನಿಗೆ ನಗು ಬರುತ್ತಾ? ಬೆನ್ನಿಗೊಂದು ಗುದ್ದಿದಳು.

"ನಮ್ಮದನ್ನ ಯಾರಿಗೂ ಬಿಡಬಾರದು ಕಣೋ! ವಿಮಾನ ಬಂದ್ರೆ ಓಡ್ಹೋಗಿ ನನಗೊಂದು ಸೀಟು ಹಿಡಿ. ನಾನು ಬಂದು ಕೂರೋಗಂಟ ಯಾರು ಏನಂದ್ರೂ ಬಿಡಬೇಡ, ಅಲ್ಲಾಡಬೇಡ!"

ಊರಿನ ಬಸ್ಸಿಗೆ ಕಿಟಕಿಯಿಂದ ಟವೆಲ್ಲು ಎಸೆದು ಸೀಟು ಹಿಡಿದು ಅಭ್ಯಾಸ ಅವಳಿಗೆ. ವಿಮಾನಕ್ಕೂ ಅದೇ ಲೆಕ್ಕ ಅಂದ್ಕೊಂಡಳು. ಟೊಪ್ಪಿಗೆಯಿರೋ ತನ್ನ ದಪ್ಪ ಕೋಟನ್ನ ಮಗನ ಕೈಗೆ ಕೊಟ್ಟು ಕಕ್ಕಸಿಗೆ ಹೋದಳು. ಬಂದಿತ್ತು ಅಂತ ಹೋಗಲಿಲ್ಲ ಕಣ್ರಪ್ಪ. ಆ ನಗುವಿಗೆ ಮುಖ ತೋರಿಸಲಾರದೆ ಹೋದಳು. ಚಿಲಕ ಹಾಕಿಕೊಂಡು ಅತ್ತಳು. ಇವನು ನನ್ನ ಮಗನೇ ಅಲ್ಲ ಅಂದುಬಿಡಲಾ ಅನ್ನಿಸಿತು. ಹಂಗನ್ನಿಸಿದ್ದಕ್ಕೆ ಇನ್ನೂ ನಾಚಿಕೆಯಾಗಿ ಇನ್ನಷ್ಟು ಹೊತ್ತು ಅಲ್ಲೇ ಕೂತಳು.

ಅಷ್ಟರಲ್ಲಿ ಮೋಡ ಸರಿಯಿತು. ಮತ್ತೆ ಮುಚ್ಚೋದರೊಳಗೆ ಹಾರಬೇಕು ಅಂತ ಪೈಲಟ್ ಅವಸರ ಮಾಡಿದ. ಫ್ಲೋರಿನ್ ಬಾಯಿ ತಲೆಯೆತ್ತದೆ ಹೆಸರು ಕೂಗಿದಳು.

"ಜವರ?"

"ಬಂದವ್ನೆ!"

"ಚನ್ನಾಜಮ್ಮ?"

"ಬತ್ತಾಳೆ, ಬತ್ತಾಳೆ!" ಅಂತ ಜವರ ಓಡೇ ಓಡಿದ.

ಚನ್ನಾಜಮ್ಮ ಕಣ್ಣೊರೆಸಿಕೊಂಡು ಹೊರಗೆ ಬರೋದಕ್ಕೂ ವಿಮಾನ ಮೇಲೇಳೋದಕ್ಕೂ ಸರಿಹೋಯ್ತು.

"ಅಮ್ಮ! ನೀವು ಇಲ್ಲಿ ಹೇಗೆ? ಪೈಲಟ್ ತಲೆ ಎಣಿಸಿದ್ದಾನಲ್ಲ!" ಅಂದಳು ಫ್ಲೋರಿನ್ ಬಾಯಿ.

ಎಣಿಸಿದ್ದ, ನಿಜ. ಬೆಲ್ಟು ಕಟ್ಟಿಕೊಂಡು ಜವರ ಕೂತಿದ್ದ. ಪಕ್ಕದಲ್ಲಿ ಬೆಲ್ಟು ಕಟ್ಟಿಸಿಕೊಂಡು, ಟೊಪ್ಪಿಗೆ ಏರಿಸಿಕೊಂಡು ಚನ್ನಾಜಮ್ಮನ ಕೋಟು ಕೂತಿತ್ತು!

ಮಧ್ಯಾಹ್ನ ಅಳಿಯನ ಫೋನು ಬಂತು. "ಅತ್ತೆ, ಹೆಣ್ಣು ಮಗು ಆಯ್ತು. ಇಬ್ರೂ ಚೆನ್ನಾಗವ್ರೆ. ಅವ್ವ ಎಲ್ಲಿ, ಅವ್ವ ಎಲ್ಲಿ ಅಂತ ಕೊನೇ ಗಳಿಗೆವರೆಗೂ ಕೇಳಿದ್ಲು. ಜವರ ವಿಮಾನದಿಂದ ಇಳೀಲೇ ಇಲ್ಲ. ನಾಕು ಜನ ಎಳೆದ್ರೂ ಅಲ್ಲಾಡಲಿಲ್ಲ. ಪೈಲಟ್ ಬೈಕೊಂಡು ಅವನನ್ನ ಹಂಗೇ ವಾಪಸ್ ಕರ್ಕೊಂಡು ಹೊರಟ."

ಮಗಳು ಕೂಗೋ ಹೊತ್ತಲ್ಲಿ ಚನ್ನಾಜಮ್ಮ ಯಾರೋ ಗುರುತಿಲ್ಲದೋರು ನಕ್ಕರು ಅಂತ ಕಕ್ಕಸಲ್ಲಿ ಅವಿತು ಕೂತಿದ್ದಳು. ಜವರನ ಚಡ್ಡಿ ಕಂಡಾಗಲೂ ಅವಳಿಗೆ ಇಷ್ಟು ನಾಚಿಕೆ ಆಗಿರಲಿಲ್ಲ.

ವಿಮಾನ ವಾಪಸ್ ಬಂದು ಇಳಿಯಿತು. ಹಿಮದಲ್ಲಿ ಏಳುತ್ತಾ ಬೀಳುತ್ತಾ ಓಡಿದಳು. ಎರಡು ಕೈಯಲ್ಲೂ ಕೋಟನ್ನ ತಬ್ಬಿಕೊಂಡು ಜವರ ಕೂತಿದ್ದ. ಮುಖ ಅರಳಿತ್ತು.

"ಬಾರವ್ವ! ಎಷ್ಟೊತ್ತು ಮಾಡಿದೆ! ಒಬ್ರನ್ನೂ ಕೂರಿಸ್ಲಿಲ್ಲ ನೋಡು!"

ಹೊಡೆಯೋಕೆ ಎತ್ತಿದ ಕೈ ಹಂಗೇ ಇಳಿಯಿತು. "ಇಳಿಯಪ್ಪ" ಅಂದಳು. "ಇದು ಮತ್ತೆ ಹೋಗೋದು ಮುಂದಿನ ಗುರುವಾರವಂತೆ."

"ಗುರುವಾರ ತಾನೆ? ನೀನು ಹೋಗಿ ಒಲೆ ಮುಂದೆ ಬೆಚ್ಚಗೆ ಕೂತ್ಕೊಳವ್ವ. ಅಲ್ಲೀಗಂಟ ಸೀಟು ನಾನು ಹಿಡ್ಕೊಂಡಿರ್ತೀನಿ!"