ಮೊದಲು ರಿಜಿಸ್ಟರ್ ಮಾಡಿಸಿ

"ಗುರುಗಳೇ, ಇಂಗ್ಲಿಷಿನ ರಿಜಿಸ್ಟರ್ ಎಂಬ ಕ್ರಿಯಾಪದಕ್ಕೆ ಹೆಸರು ನೋಂದಾಯಿಸು ಎಂದರ್ಥ ಅಂದುಕೊಂಡಿದ್ದೆ. ಈ ನಿಘಂಟಿನಲ್ಲಿ ಮನಸ್ಸಿಗೆ ನಾಟು ಅಂತಲೂ ಇದೆ. ಪುಸ್ತಕದಲ್ಲಿ ಬರೆಯುವುದಕ್ಕೂ ಮನಸ್ಸಿಗೆ ನಾಟುವುದಕ್ಕೂ ಏನು ಸಂಬಂಧ? ನನಗಂತೂ ತಲೆ ಕೆಟ್ಟುಹೋಗಿದೆ."

"ಕೆಡಲಿ ಬಿಡು. ಆ ಪದದಿಂದ ಕೆಟ್ಟ ತಲೆ ನಿನ್ನದೊಂದೇ ಅಲ್ಲ," ಎಂದರು ಗುರುಗಳು. "ಕೂತುಕೋ, ಒಂದು ಕತೆ ಹೇಳುತ್ತೇನೆ." ಶಿಷ್ಯ ಟಿಪ್ಪಣಿ ಪುಸ್ತಕ ಬಿಚ್ಚಿ ಪೆನ್ನು ಹಿಡಿದು ಕೂತ. ಗುರುಗಳು ಹೇಳತೊಡಗಿದರು.

ಒಬ್ಬ ಬುಟ್ಟಿ ಹೆಣೆಯುವವನಿದ್ದ. ಅವನ ಹೆಂಡತಿಗೆ ಕಣ್ಣು ಮಂಜಾಗುತ್ತಾ ಬಂದಿತ್ತು. ಬಿದಿರು ಸೀಳುವಾಗ ಬೆರಳನ್ನೂ ಕೊಯ್ದುಕೊಳ್ಳುತ್ತಿದ್ದಳು. ಪೇಟೆಯಲ್ಲಿ ಕಣ್ಣಿನ ಶಿಬಿರ ಹಾಕಿದ್ದಾರೆ, ಇವತ್ತೇ ಕೊನೆ, ಡಾಕ್ಟರು ನಾಲ್ಕು ಗಂಟೆಗೆ ಹೊರಟುಬಿಡುತ್ತಾರೆ ಎಂದು ಯಾರೋ ಹೇಳಿದರು. ಗಂಡ ಬೆಳಿಗ್ಗೆಯೇ ಅವಳ ಕೈಹಿಡಿದು ನಡೆಸಿಕೊಂಡು ಹೋದ.

ಡಾಕ್ಟರ ಕೋಣೆಯ ಬಾಗಿಲಲ್ಲಿ ಒಬ್ಬ ಗುಮಾಸ್ತ ಕೂತಿದ್ದ. ಹೆಂಡತಿ ಕೈಮುಗಿದು, "ಸ್ವಾಮಿ, ನನ್ನ ಹೆಸರು ಪುಟ್ಟಹೊನ್ನಮ್ಮ. ಎರಡು ಕಣ್ಣೂ ಮಂಜು. ಒಸಿ ಡಾಕ್ಟ್ರಿಗೆ ತೋರಿಸಿಬಿಡಿ," ಎಂದಳು.

ಅವನು ತಲೆ ಎತ್ತಲಿಲ್ಲ. "ಮೊದಲು ರಿಜಿಸ್ಟರ್ ಮಾಡಿಸಿಕೊಂಡು ಬನ್ನಿ," ಎಂದ.

ರಿಜಿಸ್ಟರ್ ಮಾಡುವ ಮೇಜು ಅದೇ ಜಗಲಿಯ ಇನ್ನೊಂದು ಕೊನೆಯಲ್ಲಿತ್ತು. ಗುಮಾಸ್ತ ಬೆರಳು ತೋರಿಸಿದ್ದರೆ ಸಾಕಿತ್ತು, ತೋರಿಸಲಿಲ್ಲ. ಬುಟ್ಟಿಯವನಿಗೆ ಗೊತ್ತಿದ್ದ ರಿಜಿಸ್ಟರ್ ಒಂದೇ, ಟಪಾಲಿನದು. ಅಣ್ಣನ ಕಾಗದ ಒಮ್ಮೆ ರಿಜಿಸ್ಟರಿನಲ್ಲಿ ಬಂದಿತ್ತು. ಹೆಂಡತಿಯನ್ನು ಅಂಚೆಕಚೇರಿಗೆ ಕರೆದುಕೊಂಡು ಹೋದ.

"ರಿಜಿಸ್ಟರ್ ಮಾಡಬೇಕಿತ್ತು ಬುದ್ಧಿ."

"ಏನನ್ನ?"

"ಇವಳನ್ನ."

ಅಂಚೆಯವನು ಬಿದ್ದು ಬಿದ್ದು ನಕ್ಕ. "ಇವರನ್ನ ಯಾವ ಕವರಿಗೆ ಹಾಕಲಪ್ಪಾ! ಗಂಡ ಹೆಂಡಿರ ರಿಜಿಸ್ಟರ್ ಆಗೋದು ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ. ಅಲ್ಲಿಗೆ ಹೋಗಿ."

ಹೋದರು. ಸಾಲಿನಲ್ಲಿ ನಿಂತರು. ಅವರ ಸರದಿ ಬರುವಾಗ ಮೂರೂವರೆ ದಾಟಿತ್ತು. ಅಧಿಕಾರಿ ಜೋಡಿ ಫೋಟೋ ಕೇಳಿದ, ಸಾಕ್ಷಿ ಕೇಳಿದ. ಹೆಂಡತಿಗೆ ರೇಗಿಹೋಯಿತು. "ಅಯ್ಯೋ ಶಿವನೇ! ಮೊಮ್ಮಕ್ಕಳು ಓಡಾಡ್ತಾವೆ, ಈಗ ಯಾವ ಮದುವೆ ಮಾಡಿಸ್ತೀರಿ? ನಾನು ಬಂದಿದ್ದು ಕಣ್ಣಿಗೆ!"

ಅಧಿಕಾರಿ ಒಳ್ಳೆಯವನು. ವಿಷಯ ತಿಳಿದು ಎದ್ದೇ ನಿಂತ. "ಅದು ಶಿಬಿರದಲ್ಲೇ ಬರೆಸೋದು ತಾಯಿ. ಓಡಿ, ಓಡಿ!"

ಮಂಜುಗಣ್ಣಿನವಳು ಎಷ್ಟು ಓಡಿಯಾಳು? ಎರಡು ಕಡೆ ಎಡವಿದಳು. ಬಂದು ನೋಡಿದರೆ ಡಾಕ್ಟರು ಹೊರಟುಹೋಗಿದ್ದರು. ಗುಮಾಸ್ತ ಕಾಗದ ಕಟ್ಟುತ್ತಿದ್ದ. "ಬೆಳಿಗ್ಗೆಯೇ ಬರಬಾರದಿತ್ತೇನಮ್ಮಾ? ಹೋಗಲಿ, ಬರುವ ವರ್ಷಕ್ಕೆ ಬರೆದುಕೊಳ್ಳುತ್ತೇನೆ. ನಿನ್ನ ಹೆಸರು?"

"ಬೆಳಿಗ್ಗೆ ಹೇಳಿದ್ದೆನಲ್ಲ ಸ್ವಾಮಿ."

"ಯಾರಿಗೆ?"

"ನಿಮಗೇ."

ಬರುವ ವರ್ಷದ ಶಿಬಿರ ಬರುವಷ್ಟರಲ್ಲಿ ಆಕೆಯ ಎಡಗಣ್ಣು ಪೂರಾ ಹೋಗಿತ್ತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಇದುವರೆಗೆ ಬಿಡದೆ ಬರೆದುಕೊಂಡಿದ್ದ. ರಿಜಿಸ್ಟರ್: ಟಪಾಲಿಗೆ ಒಂದು ಅರ್ಥ, ಮದುವೆಗೆ ಒಂದು, ಶಿಬಿರಕ್ಕೆ ಒಂದು. ಕೆಳಗೆ ಗೆರೆ ಎಳೆದು ಮನಸ್ಸಿಗೆ ನಾಟು ಎಂದೂ ಬರೆದು, ಮುಂದೆ ಪ್ರಶ್ನೆಯ ಚಿಹ್ನೆ ಹಾಕಿದ್ದ. ಪೆನ್ನು ಕೆಳಗಿಟ್ಟ. ಸಿಟ್ಟಿನಿಂದ ಅವನ ಮುಖ ಕೆಂಪಾಗಿತ್ತು.

"ಎಂಥ ಮನುಷ್ಯ ಗುರುಗಳೇ ಆ ಗುಮಾಸ್ತ! ಪಾಪ, ಆ ಹೆಂಗಸು ಎದುರಿಗೆ ನಿಂತು ಬಾಯಿಬಿಟ್ಟು ಹೆಸರು ಹೇಳಿದ್ದಾಳೆ. ಅಷ್ಟೂ ತಲೆಗೆ ಹೋಗಬಾರದೇ ಅವನಿಗೆ?"

"ಹೌದು ಮಾರಾಯ, ಹೋಗಬೇಕಿತ್ತು," ಎಂದರು ಗುರುಗಳು. "ಎಲ್ಲಿ, ಆಕೆಯ ಹೆಸರು ಹೇಳು ನೋಡೋಣ."

ಶಿಷ್ಯ ಬರೆದ ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಹೆಸರು ಎಲ್ಲೂ ಇರಲಿಲ್ಲ; ಪೆನ್ನು ತೆಗೆದುಕೊಂಡು ಪ್ರಶ್ನೆಯ ಚಿಹ್ನೆಯನ್ನು ಹೊಡೆದುಹಾಕಿದ.