ಹಲಗೆ ಅಳಿಸಿದ ನೀಲವ್ವ

ಹೊಳೆದಂಡೆಯ ಮಠದಲ್ಲಿ ರೋಗಿಗಳಿಗೆಂದೇ ಒಂದು ಮನೆ. ಹತ್ತು ಮಂಚ, ಮಂಚಕ್ಕೊಂದು ಹಲಗೆ. ಯಾರಿಗೆ ಯಾವಾಗ ಏನು ಕೊಡಬೇಕೆಂದು ಅದರ ಮೇಲೆ ಬಳಪದಲ್ಲಿ ಬರೆಯುವವರು ಗುರು ಹಾಲಜ್ಜ ಒಬ್ಬರೇ. ಬರೆದದ್ದನ್ನು ಮಾಡುವುದು ಶಿಷ್ಯೆ ನೀಲವ್ವನ ಕೆಲಸ.

ಹಲಗೆ ಮುಟ್ಟಿದವರು ಮಠ ಬಿಡಬೇಕು ಅಂತ ಶಿಷ್ಯರಲ್ಲೊಂದು ಮಾತಿತ್ತು. ಹಾಲಜ್ಜ ಹಾಗಂದಿದ್ದನ್ನು ಕೇಳಿದವರು ಮಾತ್ರ ಯಾರೂ ಇಲ್ಲ.

ಮೂರು ವರ್ಷ ದುಡಿದಳು ನೀಲವ್ವ. ಸುಳ್ಳೇಕೆ ಹೇಳಬೇಕು, ಗಾಣದೆತ್ತಿಗೂ ತನಗೂ ಏನು ವ್ಯತ್ಯಾಸ ಅಂತ ಅವಳಿಗೆ ಬೇಸರ ಬಂದಿತ್ತು.

ಒಂದು ಮುಂಜಾನೆ ಹಾಲಜ್ಜ ಹಲಗೆಗಳನ್ನೆಲ್ಲ ಬರೆದಿಟ್ಟು ಆಚೆ ದಡದ ಊರಿಗೆ ಹೋದರು. ಮರುದಿನ ಬಂದಾಗ ನೀಲವ್ವ ಬಾಗಿಲಲ್ಲೇ ನಿಂತಿದ್ದಳು.

"ತಪ್ಪಾಯ್ತು ಅಜ್ಜ. ಕುಂಬಾರ ಮರುಳಪ್ಪನ ಹಲಗೆ ಅಳಿಸಿಬಿಟ್ಟೆ."

"ಏನಿತ್ತು ಅದರಲ್ಲಿ?"

"ಮೂರು ಹೊತ್ತು ಗಂಜಿ ಅಂತಿತ್ತು. ಮೊದಲ ಗುಟುಕಿಗೇ ಕೆಮ್ಮಿದ. ಗಂಟಲಲ್ಲಿ ಗೊರಗೊರ. ಇನ್ನೊಂದು ಗುಟುಕು ಹಾಕಿದ್ದರೆ ಉಸಿರೇ ಕಟ್ಟುತ್ತಿತ್ತು. ಗಂಜಿ ಬೇಡ ಅಂತ ನಾನೇ ಬರೆದೆ. ಅವನನ್ನು ಒರಗಿಸಿ, ಒದ್ದೆ ಬಟ್ಟೆಯಲ್ಲಿ ತುಟಿ ಒರೆಸುತ್ತಾ ಕೂತೆ. ಹೊತ್ತು ಮುಳುಗಿದ್ದೇ ಗೊತ್ತಾಗಲಿಲ್ಲ."

ಹಾಲಜ್ಜ ಹೋಗಿ ಮರುಳಪ್ಪನ ಎದೆಗೆ ಕಿವಿಯಿಟ್ಟರು.

"ಈಕೆ ನನ್ನನ್ನ ಉಪವಾಸ ಕೆಡವಿದಳು ಅಜ್ಜ," ಅಂದ ಮರುಳಪ್ಪ. "ಬೆಳಿಗ್ಗೆ ನಾಲ್ಕು ಚಮಚ ನೀರು, ಅಷ್ಟೇ." ದನಿ ತಿಳಿಯಾಗಿತ್ತು.

"ಬೈಯೋಕೆ ಉಸಿರಿದೆಯಲ್ಲ, ಸಾಕು ಬಿಡು," ಅಂದರು ಹಾಲಜ್ಜ.

ನೀಲವ್ವ ತಲೆ ತಗ್ಗಿಸಿದಳು. "ನನ್ನ ಗಂಟು ಕಟ್ಟಿಟ್ಟಿದ್ದೇನೆ ಅಜ್ಜ. ಮೊನ್ನೆ ಹೋಗು ಅಂದಿದ್ದರೆ ಖುಷಿಯಿಂದ ಹೋಗುತ್ತಿದ್ದೆ. ಈಗ ಹೋಗು ಅಂದರೆ ಕಷ್ಟ."

"ಉಳಿದ ಒಂಬತ್ತು ಹಲಗೆ?"

"ದೇವರಾಣೆ, ಒಂದಕ್ಷರ ಮುಟ್ಟಿಲ್ಲ."

"ಆ ಒಂಬತ್ತು ಜನ ಹೇಗಿದ್ದಾರೆ?"

ನೀಲವ್ವ ಹಲಗೆಗಳತ್ತ ನೋಡಿದಳು. "ಬರೆದದ್ದನ್ನೆಲ್ಲ ಕೊಟ್ಟಿದ್ದೇನೆ."

"ನಾನು ಕೇಳಿದ್ದು ಅದಲ್ಲ."

ಅವಳಿಗೆ ನಾಚಿಕೆಯಾಯಿತು. ಅಷ್ಟರಲ್ಲೇ, ಹೋಗು ಅನ್ನಲಿಲ್ಲವಲ್ಲ ಅಂತ ಹೊಳೆಯಿತು. ನಿನ್ನೆಯಿಂದ ಹಿಡಿದಿಟ್ಟ ಉಸಿರನ್ನು ಬಿಟ್ಟಳು, ಕಣ್ಣಲ್ಲಿ ನೀರು ಬಂತು.

ಹಾಲಜ್ಜ ಒದ್ದೆ ಬಟ್ಟೆ ತಗೊಂಡು ತಾವು ಬರೆದಿದ್ದ ಒಂಬತ್ತು ಹಲಗೆಗಳನ್ನೂ ಅಳಿಸಿದರು. ಆಮೇಲೆ ಮೊದಲ ಮಂಚದ ಪಕ್ಕ ಬಳಪ ಹಿಡಿದು ನಿಂತರು.

"ನೋಡಿ ಹೇಳು ತಾಯಿ, ನಾನು ಬರೆದುಕೊಳ್ಳುತ್ತೇನೆ."